ಆನಂದಬಾಷ್ಪದೊಂದಿಗೆ ಅನುಮೋದಿಸಿದರು

ಸಭೆಯಲ್ಲಿ ತಾನು ಏನು ಮಾತಾಡಿದೆ ಎಂಬುದು ಹೊಲಿಗೆಯಕ್ಕನಿಗೆ ಗೊತ್ತಾದದ್ದು ಸಭೆ ಶುರುವಾಗುವ ಮುಂಚೆ.

ಅದಕ್ಕೆ ಕಾರಣ ಮಹಿಳೆಯರ ಆಶ್ರಯ ಸಂಸ್ಥೆಯ ಕಾರ್ಯದರ್ಶಿಗಳ ಶಿಸ್ತು. ಅವರು ಯಾವುದೋ ಕಚೇರಿಯಲ್ಲಿ ಕುರ್ಚಿ ಸವೆಸಿ ನಿವೃತ್ತರಾದವರು. ಸಭೆ ಮುಗಿದ ಮೇಲೆ ಅದರ ನಡಾವಳಿ ಬರೆಯುವುದು ಅವರ ಕಣ್ಣಿಗೆ ಶುದ್ಧ ಮೈಗಳ್ಳತನ. ಆಗಿಹೋದದ್ದನ್ನು ಯಾರು ಬೇಕಾದರೂ ಬರೆದಾರು. ಅವರು ಹಿಂದಿನ ದಿನವೇ ಎಲ್ಲವನ್ನೂ ಟೈಪು ಮಾಡಿ, ಪ್ರತಿ ತೆಗೆಸಿ, ಮೂಲೆಗೆ ಪಿನ್ನು ಹೊಡೆದು, ಕುರ್ಚಿಗೊಂದರಂತೆ ಇಟ್ಟಿರುತ್ತಿದ್ದರು. ಅವರ ನಡಾವಳಿಯಲ್ಲಿ ಯಾರೂ ತಡವಾಗಿ ಬರುತ್ತಿರಲಿಲ್ಲ, ಯಾರೂ ಆಕಳಿಸುತ್ತಿರಲಿಲ್ಲ, ಪ್ರತಿಯೊಂದೂ 'ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ' ತೀರ್ಮಾನವಾಗುತ್ತಿತ್ತು. ಸುದೀರ್ಘ ಚರ್ಚೆಯೆಂದರೆ ಚಹಾ ಬರುವ ತನಕದ ಹೊತ್ತು. ಮಂಡಳಿಯ ಐವರಿಗೂ ಇದರಿಂದ ಸುಖವೇ. ಆಡಬೇಕಾದ ಮಾತು ಅಚ್ಚಾಗಿ ಕೈಗೆ ಬಂದಮೇಲೆ ಅದನ್ನು ಆಡುವ ದಣಿವು ಯಾರಿಗೆ ಬೇಕು?

ಹೊಲಿಗೆಯಕ್ಕ ಮಂಡಳಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವತ್ತು ಎಲ್ಲರಿಗಿಂತ ಮೊದಲು ಬಂದು, ಸಭೆಯ ಕೋಣೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು, ಕಾಗದ ತೆಗೆದು ಓದಿದಳು. ನಾಲ್ಕನೆಯ ವಿಷಯದ ಹತ್ತಿರ ಅವಳ ಬೆರಳು ನಿಂತಿತು.

'ಸಂಸ್ಥೆಯ ಪ್ರಚಾರ ಚಿತ್ರವನ್ನು ನಗರದ ಪ್ರಮುಖ ವೃತ್ತಗಳಲ್ಲಿ ಬೃಹತ್ ಫಲಕಗಳಾಗಿ ಅಳವಡಿಸುವ ಪ್ರಸ್ತಾಪವನ್ನು, ಸದರಿ ಚಿತ್ರದಲ್ಲಿರುವ ಫಲಾನುಭವಿ ಸದಸ್ಯೆಯವರು ಆನಂದಬಾಷ್ಪದೊಂದಿಗೆ ಅನುಮೋದಿಸಿದರು.'

"ಕಾರ್ಯದರ್ಶಿಗಳೇ," ಎಂದಳು, ನೀರಿನ ಲೋಟಗಳಿಗೆ ಮುಚ್ಚಳ ಮುಚ್ಚುತ್ತಿದ್ದ ಅವರನ್ನು ನೋಡಿ. "ಇದನ್ನ ನಾನು ಯಾವಾಗ ಮಾಡ್ದೆ?"

"ಇನ್ನೂ ಮಾಡಿಲ್ಲಮ್ಮ. ಹನ್ನೊಂದೂವರೆ ಹೊತ್ತಿಗೆ ಮಾಡ್ತೀರಿ."

"ಈ ಬಾಷ್ಪ ಅಂದ್ರೆ?"

"ಕಣ್ಣೀರು. ಖುಷಿಗೆ ಬರೋ ಅಂಥದ್ದು. ಸ್ವಲ್ಪ ಗೌರವದ ಶಬ್ದ."

"ಅದೂ ನಾನೇ ತರಬೇಕಾ, ಇಲ್ಲ ಸಂಸ್ಥೆಯೋರು ಕೊಡ್ತೀರಾ?"

ಕಾರ್ಯದರ್ಶಿಗಳು ಇದನ್ನು ತಮಾಷೆಯೆಂದು ತಿಳಿದು ಅಳತೆಯ ನಗೆಯೊಂದನ್ನು ನಕ್ಕರು. ಹೊಲಿಗೆಯಕ್ಕನಿಗೆ ನಗು ಬರಲಿಲ್ಲ. ಆ ಚಿತ್ರ ಮತ್ತು ಅವಳ ನಡುವಿನ ಜಗಳ ಹಳೆಯದು.

ಆರು ವರ್ಷದ ಹಿಂದೆ, ಗಂಡನ ಮನೆಯ ಬಾಗಿಲು ಒಳಗಿನಿಂದ ಹಾಕಿಕೊಂಡಾಗ, ಕಂಕುಳಲ್ಲಿ ಮಗಳನ್ನೂ ಕೈಯಲ್ಲಿ ಒಂದು ಚೀಲವನ್ನೂ ಹಿಡಿದು ಅವಳು ಈ ಸಂಸ್ಥೆಯ ಆಶ್ರಯಕ್ಕೆ ಬಂದಿದ್ದಳು. ಬಂದ ಮಾರನೆಯ ದಿನ ಅಲ್ಲಿ ಉಚಿತ ಕಣ್ಣಿನ ತಪಾಸಣೆ. ಸಾಲಿನಲ್ಲಿ ನಿಂತವರಿಗೆಲ್ಲ ಡಾಕ್ಟರು ಎರಡೆರಡು ಹನಿ ಔಷಧ ಬಿಟ್ಟು ಬೆಂಚಿನ ಮೇಲೆ ಕೂರಿಸಿದ್ದರು. ಕಣ್ಣು ಉರಿಯೋ ಉರಿ. ಅಷ್ಟರಲ್ಲಿ ಕ್ಯಾಮೆರಾ ಹಿಡಿದವನೊಬ್ಬ ಬಂದು, "ಕಿಟಕಿ ಕಡೆ ನೋಡಮ್ಮ, ಬೆಳಕು ಚೆನ್ನಾಗಿದೆ" ಎಂದ. ನೋಡಿದಳು. ನೀರು ದಳದಳ ಇಳಿಯಿತು. ಅವನು ಕ್ಲಿಕ್ಕಿಸಿಕೊಂಡು ಹೋದ.

ಮುಂದೆ ಅವಳು ಆಶ್ರಯದಲ್ಲೇ ಹೊಲಿಗೆ ಕಲಿತಳು, ಸಂತೆಬೀದಿಯಲ್ಲಿ ಒಂದು ಮಷಿನ್ನು ಹಿಡಿಸುವಷ್ಟು ಜಾಗ ಬಾಡಿಗೆಗೆ ಹಿಡಿದಳು, ಪ್ಯಾಂಟು ಮೊಟಕು ಮಾಡಿ, ಜಿಪ್ಪು ಬದಲಿಸಿ, ಶಾಲೆಯ ಸಮವಸ್ತ್ರ ಹೊಲಿದು ನೆಲೆ ಕಂಡಳು. ಚಿತ್ರದಲ್ಲಿದ್ದವಳು ಮಾತ್ರ ಆ ಬೆಂಚು ಬಿಟ್ಟು ಏಳಲಿಲ್ಲ. ಕರಪತ್ರದಲ್ಲಿ ಅತ್ತಳು, ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳೂ ಅತ್ತಳು, ಕಾಣಿಕೆ ಡಬ್ಬಿಯ ಮೇಲೆ ಔಷಧದ ಅಂಗಡಿಗಳಲ್ಲಿ ಕೂತು ಅತ್ತಳು. ಕಳೆದ ವರ್ಷ ಬಸ್ಸಿನ ಹಿಂಭಾಗಕ್ಕೂ ಹತ್ತಿದಳು.

ಮಗಳು ಶಾಲೆಯಿಂದ ಬಂದು ಚೀಲ ಬಿಸಾಡಿದ್ದಳು. "ಅಮ್ಮಾ, ಇವತ್ತು ನೀನು ಅಳ್ತಾ ಅಳ್ತಾ ಬಸ್‌ಸ್ಟ್ಯಾಂಡಿಗೆ ಹೋದೆ."

"ಯಾರಂದ್ರು?"

"ಇಡೀ ಕ್ಲಾಸು ಕಿಟಕೀಲಿ ನಿಂತು ನೋಡ್ತು. 'ನಿಮ್ಮಮ್ಮ ಯಾವಾಗ ಸುಮ್ಮನಾಗ್ತಾಳೆ' ಅಂತ ಕೇಳ್ತಾರೆ. ನಾನೇನು ಹೇಳ್ಲಿ? ಮುಂದಿನ ಸ್ಟಾಪಲ್ಲಿ ಅನ್ಲಾ?"

ಗಿರಾಕಿಗಳದ್ದು ಇನ್ನೊಂದು ಬಗೆ. ಅಳತೆ ಕೊಡಲು ನಿಂತವರು ಅವಳ ಮುಖವನ್ನು ಓರೆಗಣ್ಣಿನಿಂದ ನೋಡಿ, "ನೀವು ಆ... ಅಲ್ವಾ?" ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಆಮೇಲೆ ಅವರು ಹೊಲಿಗೆ ಸೊಟ್ಟಗಾದರೂ ಬೈಯುತ್ತಿರಲಿಲ್ಲ. ಅವಳಿಗೆ ಹೆಚ್ಚು ಸಿಟ್ಟು ತರಿಸುತ್ತಿದ್ದದ್ದು ಅದೇ. ಬೈಸಿಕೊಳ್ಳುವ ಹಕ್ಕನ್ನೂ ಕಳೆದುಕೊಂಡ ಮೇಲೆ ದರ್ಜಿಯ ಮರ್ಯಾದೆ ಎಲ್ಲಿ ಉಳಿಯುತ್ತದೆ? ಈಗ ಬರಲಿರುವ ಫಲಕಗಳಲ್ಲಿ ಒಂದು, ಕಾಗದದ ಪ್ರಕಾರ, ಸಂತೆಬೀದಿಯ ಮೂಲೆಗೆ, ಅವಳ ಅಂಗಡಿಯ ನೆತ್ತಿಗೆ. ಮಷಿನ್ನಿನ ಮುಂದೆ ಕೂತರೆ ತನ್ನದೇ ಮೂಗು ತನ್ನ ಮೇಲೆ ನೆರಳು ಬೀಳಿಸುವಂತೆ.

ಹನ್ನೊಂದಕ್ಕೆ ಎಲ್ಲರೂ ಬಂದರು. ಮೊದಲು ಅಧ್ಯಕ್ಷೆ ಟೀಚರಮ್ಮ. ಅವರು ಸಂಸ್ಥೆ ಕಟ್ಟಿದವರು, ನಿವೃತ್ತ ಮುಖ್ಯೋಪಾಧ್ಯಾಯಿನಿ, ಇವತ್ತಿಗೂ ಕೋಣೆಗೆ ಕಾಲಿಟ್ಟರೆ ದೊಡ್ಡವರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅವರ ಹಿಂದೆ ಖಜಾಂಚಿ, ಪೆನ್ನಿಗೆ ದಾರ ಕಟ್ಟಿ ಜೇಬಿಗೆ ಸಿಕ್ಕಿಸಿಕೊಂಡ ಹಳೆಯ ಬ್ಯಾಂಕಿನವರು. ಕೊನೆಗೆ ಕಣ್ಣಿನ ಡಾಕ್ಟರು. ಅವರು ಬಂದು ಕೂತವರೇ ಕನ್ನಡಕ ತೆಗೆದು ಜೇಬಿಗಿಟ್ಟರು. ಅದು ಅವರು ನಿದ್ದೆಗೆ ಹಾಸುವ ಚಾಪೆ ಎಂದು ಎಲ್ಲರಿಗೂ ಗೊತ್ತಿತ್ತು. ಮತ ಹಾಕುವ ಹಕ್ಕಿಲ್ಲದೆ, ಸಂಬಳಕ್ಕಿರುವ ಪ್ರಚಾರದ ಹುಡುಗಿ ಗೋಡೆ ಬದಿಯ ಸ್ಟೂಲಿನಲ್ಲಿ ಕೂತಳು, ತೊಡೆಯ ಮೇಲೆ ಉದ್ದನೆಯ ಸುರುಳಿ.

ಮೊದಲ ಮೂರು ವಿಷಯಗಳು ಕಾಗದದಲ್ಲಿದ್ದಂತೆ ತಮ್ಮಷ್ಟಕ್ಕೆ ತಾವೇ ಪಾಸಾದವು. ಟೀಚರಮ್ಮ ಪ್ರತಿ ಸಲ "ಒಪ್ಪಿಗೆ ತಾನೇ, ಮುಂದಕ್ಕೆ ಹೋಗೋಣ" ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಪ್ರಶ್ನೆಗೂ ಮುಂದಕ್ಕೆ ಹೋಗುವುದಕ್ಕೂ ನಡುವೆ ಒಂದು ಸೂಜಿ ತೂರಿಸಲು ಜಾಗವಿರಲಿಲ್ಲ.

"ನಾಲ್ಕನೇದು, ಫಲಕಗಳು. ಒಪ್ಪಿಗೆ ತಾನೇ, ಮುಂದಕ್ಕೆ—"

"ಇಲ್ಲ," ಎಂದಳು ಹೊಲಿಗೆಯಕ್ಕ.

ಆ ಕೋಣೆಯಲ್ಲಿ ಆ ಪದ ಹಿಂದೆಂದೂ ಕೇಳಿಬಂದಿರಲಿಲ್ಲವಾದ್ದರಿಂದ, ಖಜಾಂಚಿ ಚಹಾ ಬಂದಿಲ್ಲವೆಂದು ಹೇಳುತ್ತಿದ್ದಾಳೆ ಅಂದುಕೊಂಡರು. "ಬರುತ್ತಮ್ಮ, ಹೇಳಿದ್ದೀವಿ."

"ಚಹಾಗಲ್ಲ ಅಣ್ಣ. ಫಲಕಕ್ಕೆ. ನಂಗೆ ಒಪ್ಪಿಗೆ ಇಲ್ಲ."

ಕಾರ್ಯದರ್ಶಿಗಳು ಕಾಗದ ನೋಡಿದರು, ಅವಳನ್ನು ನೋಡಿದರು, ಮತ್ತೆ ಕಾಗದ ನೋಡಿದರು. ಎರಡರಲ್ಲಿ ತಪ್ಪು ಯಾವುದೆಂದು ಅವರಿಗೆ ಅನುಮಾನವಿರಲಿಲ್ಲ. "ಇಲ್ಲಿ ಅನುಮೋದಿಸಿದರು ಅಂತ ಇದೆಯಲ್ಲಮ್ಮ."

"ಇದ್ರೆ ಹೊಡೆದುಹಾಕಿ."

"ಹೇ ಹುಡುಗಿ," ಎಂದರು ಟೀಚರಮ್ಮ ಮೃದುವಾಗಿ. ಅವಳನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. "ಏನಾಯ್ತೇ ನಿಂಗೆ?"

"ಟೀಚರಮ್ಮ, ನಂಗೇನೂ ಆಗಿಲ್ಲ. ಆರು ವರ್ಷದಿಂದ ಚೆನ್ನಾಗೇ ಇದ್ದೀನಿ. ಅದನ್ನೇ ಹೇಳ್ತಾ ಇರೋದು. ಆ ಫೋಟೋ ತೆಗೀರಿ. ಫಲಕ ಬೇಡ, ಬಸ್ಸೂ ಬೇಡ, ಡಬ್ಬಿಯೂ ಬೇಡ."

ಪ್ರಚಾರದ ಹುಡುಗಿ ಸ್ಟೂಲಿನಿಂದ ಎದ್ದಳು. ಕೆಟ್ಟವಳಲ್ಲ, ಕೆಲಸದಲ್ಲಿ ಚುರುಕು, ಸಂಸ್ಥೆಗಾಗಿ ಬಿಸಿಲಿನಲ್ಲಿ ಅಲೆದವಳು. "ಅಕ್ಕಾ, ನಾವು ಬೇರೆ ಫೋಟೋ ಎಲ್ಲಾ ಹಾಕಿ ನೋಡಿದ್ವಿ. ನಗ್ತಾ ಇರೋ ಮುಖ ಹಾಕಿದ್ರೆ ಜನ 'ಓ, ಚೆನ್ನಾಗಿದ್ದಾರೆ' ಅಂತ ಖುಷಿಪಟ್ಟು ಮುಂದೆ ಹೋಗ್ತಾರೆ. ನಿಮ್ಮ ಮುಖ ನೋಡಿದ್ರೆ ನಿಂತ್ಕೋತಾರೆ. ಆ ಕಣ್ಣಲ್ಲಿ ಒಂದು... ಅದನ್ನ ಹೇಳೋಕೇ ಬರಲ್ಲ."

"ಉರಿ," ಎಂದಳು ಹೊಲಿಗೆಯಕ್ಕ. "ಅದರ ಹೆಸರು ಉರಿ. ಔಷಧಿ ಹಾಕಿದ್ರು. ಎಷ್ಟು ಸಲ ಹೇಳಿದ್ದೀನಿ."

"ಸ್ವಾಭಿಮಾನಿ," ಎಂದು ಖಜಾಂಚಿ ಕಾರ್ಯದರ್ಶಿಗಳ ಕಡೆ ಬಾಗಿ ಪಿಸುಗುಟ್ಟಿದರು. "ದುಃಖಾನ ಒಪ್ಕೊಳಲ್ಲ."

ಹೊಲಿಗೆಯಕ್ಕನಿಗೆ ಕೇಳಿಸಿತು. ಹೇಳಿದಾಗಲೆಲ್ಲ ಹೀಗೇ. ಔಷಧ ಎಂದರೆ ಅದು ನಾಚಿಕೆ, ಸುಮ್ಮನಿದ್ದರೆ ಅದು ನೋವು, ರೇಗಿದರೆ ಅದು ಹಳೆಯ ಗಾಯ. ಅವಳು ಏನು ಮಾಡಿದರೂ ಆ ಚಿತ್ರಕ್ಕೆ ಅಡಿಬರಹವಾಗುತ್ತಿತ್ತು.

ಖಜಾಂಚಿ ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಭಾವನೆ ಬೇರೆ, ಬಾಬತ್ತು ಬೇರೆ. ಮೇಲಿನ ಮಹಡಿ ಹಾಸಿಗೆಗಳೆಲ್ಲ ಈ ಚಿತ್ರದಿಂದ ಬಂದದ್ದು. ಇನ್ನಷ್ಟು ಹಾಸಿಗೆ ಬೇಕು. ನಿನ್ನಂಥ ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತಿದ್ದಾರೆ. ಅವರಿಗೆ ಏನು ಹೇಳೋಣ? ಮುದ್ರಣದವನಿಗೆ ಮುಂಗಡಾನೂ ಹೋಗಿದೆ."

"ಹೋಗಿದೆಯಾ? ನಾವಿನ್ನೂ ಒಪ್ಪೇ ಇಲ್ವಲ್ಲ?"

"ನಡಾವಳಿ ನಿನ್ನೇನೇ ತಯಾರಿತ್ತಲ್ಲ," ಎಂದರು ಖಜಾಂಚಿ, ಇದಕ್ಕಿಂತ ಸರಳವಾದ ಸಂಗತಿ ಲೋಕದಲ್ಲಿಲ್ಲ ಎಂಬಂತೆ.

ಹಾಸಿಗೆಯ ಮಾತು ಮಾತ್ರ ಅವಳಿಗೆ ನಾಟಿತು. ಮೇಲಿನ ಮಹಡಿಯ ಕಬ್ಬಿಣದ ಮಂಚ, ಮಗಳು ಗೋಡೆ ಕಡೆ, ತಾನು ಅಂಚಿಗೆ. ಅದನ್ನು ಅವಳು ಮರೆತಿರಲಿಲ್ಲ. ಮರೆಯುವ ಪೈಕಿಯವಳೂ ಅಲ್ಲ. ಒಂದು ಕ್ಷಣ ಕಾಗದ ಮಡಚಿ ಸುಮ್ಮನಾಗಿಬಿಡೋಣವೆನ್ನಿಸಿತು. ಆಮೇಲೆ ಚೀಲ ಬಿಸಾಡಿ ನಿಂತ ಮಗಳ ಮುಖ ನೆನಪಾಯಿತು.

"ಹಾಸಿಗೆ ಬೇಕು ಅಣ್ಣ. ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ, ನಾನೇ ಮಲಗಿದ್ದೀನಿ ಅದರಲ್ಲಿ. ವಾರಕ್ಕೊಂದಿನ ಬಂದು ಹೊಲಿಗೆ ಹೇಳಿಕೊಡು ಅಂದ್ರಿ, ಬರ್ತೀನಿ. ದಿಂಬಿನ ಚೀಲ ಹೊಲಿ ಅಂದ್ರಿ, ಹೊಲೀತೀನಿ. ಆದ್ರೆ ಆ ಹಾಸಿಗೆಗೆ ಬಾಡಿಗೆ ನಮ್ಮ ಮುಖ ಅಂತ ಅವತ್ತು ಯಾರೂ ಹೇಳಿರ್ಲಿಲ್ಲ. ಹೇಳಿದ್ದಿದ್ರೆ ಒಂದ್ಸಲ ಯೋಚನೆ ಮಾಡ್ತಿದ್ದೆ. ಈಗ ಬಾಗಿಲಲ್ಲಿ ನಿಂತಿರೋರಿಗೂ ಹೇಳ್ತೀರಾ? 'ಒಳಗೆ ಬಾಮ್ಮ, ಸ್ವಲ್ಪ ಕಿಟಕಿ ಕಡೆ ನೋಡು' ಅಂತ?"

"ಛೆ, ಎಂಥ ಮಾತು!" ಎಂದರು ಕಾರ್ಯದರ್ಶಿಗಳು. "ಸಂಸ್ಥೆ ಇಷ್ಟೆಲ್ಲ ಮಾಡಿದೆ. ನಿಮ್ಮನ್ನ ಮಂಡಳಿಗೂ ತಗೊಂಡ್ವಿ."

"ತಗೊಂಡ್ರಿ. ದೊಡ್ಡ ದೊಡ್ಡ ದಾನಿಗಳು 'ಫಲಾನುಭವಿ ಒಬ್ರು ಇರಬೇಕು' ಅಂದ್ರು, ತಗೊಂಡ್ರಿ. ಇದ್ದೀನಲ್ಲ ಈಗ. ಇರೋಳು ಬಾಯಿ ಬಿಡಬಾರ್ದು ಅಂತಿದ್ರೆ ಕುರ್ಚಿ ಮೇಲೆ ಆ ಫೋಟೋನೇ ಕೂರಿಸಬೇಕಿತ್ತು. ಖರ್ಚೂ ಕಮ್ಮಿ, ಚಹಾನೂ ಕುಡಿಯಲ್ಲ."

ಸಮಾಧಾನ ಮಾಡುವ ಉಪಾಯವೆಂದು ಪ್ರಚಾರದ ಹುಡುಗಿ ಸುರುಳಿ ಬಿಚ್ಚಿದಳು. "ಒಂದ್ಸಲ ನೋಡಿ ಅಕ್ಕಾ, ಎಷ್ಟು ಚೆನ್ನಾಗಿ ಬಂದಿದೆ." ಫಲಕದ ಮಾದರಿ. ಮೇಜು ಪೂರ್ತಿ ತುಂಬಿ, ಅಂಚುಗಳಲ್ಲಿ ಇಳಿಬಿದ್ದಿತು. ಲೋಟಗಳನ್ನು ಎತ್ತಿ ಹಿಡಿಯಬೇಕಾಯಿತು. ಒಂದು ಕಣ್ಣು ಕಾರ್ಯದರ್ಶಿಗಳ ಮುಂದೆ, ಒಂದು ಕಣ್ಣು ಡಾಕ್ಟರ ಮುಂದೆ, ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ಹನಿಗಳು.

ಜಾರಿದ ಸುರುಳಿಯ ಅಂಚು ಮೊಣಕೈಗೆ ತಾಗಿ ಕಣ್ಣಿನ ಡಾಕ್ಟರು ಎಚ್ಚರಗೊಂಡರು. ಎದುರಿಗೆ ಊಟದ ತಟ್ಟೆಯಷ್ಟಗಲದ ಕಣ್ಣು. ವೃತ್ತಿಯವರಿಗೆ ಇಂಥ ಎಚ್ಚರ ದಿನಾ ಸಿಗುವುದಿಲ್ಲ. ಕನ್ನಡಕ ಹಾಕಿಕೊಂಡು ಬಾಗಿದರು.

"ಅರೆ, ಇದಕ್ಕೆ ಹನಿ ಹಾಕಿದ್ದಾರೆ."

ಬೆರಳಿನಿಂದ ಕಣ್ಣಿನ ನಡುಭಾಗ ತೋರಿಸಿದರು.

"ಪಾಪೆ ನೋಡಿ, ಎಷ್ಟು ಹಿಗ್ಗಿದೆ. ಬೆಳಕಿಗೆ ಮುಖ ಮಾಡಿದ್ರೂ ಮುದುಡಿಲ್ಲ. ದುಃಖಕ್ಕೆ ಹೀಗೆಲ್ಲ ಆಗಲ್ಲ ರೀ. ಇದು ತಪಾಸಣೆಗೆ ಮುಂಚೆ ನಾವು ಹಾಕೋ ಔಷಧಿ." ತಲೆಯೆತ್ತಿ ಸುತ್ತ ನೋಡಿದರು. "ಯಾರು ಪೇಶೆಂಟು?"

"ನಾನೇ ಡಾಕ್ಟ್ರೇ," ಎಂದಳು ಹೊಲಿಗೆಯಕ್ಕ. "ಹಾಕಿದ್ದು ನೀವೇ."

"ಹೌದಾ? ಆಮೇಲೆ ಕನ್ನಡಕ ತಗೊಂಡ್ಯಾ?"

ಪ್ರಚಾರದ ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಸುರುಳಿ ಸುತ್ತತೊಡಗಿದಳು. ಖಜಾಂಚಿ ಮಾತ್ರ ಸೋಲಲಿಲ್ಲ. "ಔಷಧಿದೇ ಇರಲಿ, ನೋಡಿದವರಿಗೆ ಅಳುವಾಗೇ ಕಾಣುತ್ತಲ್ಲ. ಹಾಸಿಗೆ ಬಂತಲ್ಲ."

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದಳು ಹೊಲಿಗೆಯಕ್ಕ. "ಡಾಕ್ಟ್ರ ಚೀಲದಲ್ಲಿ ಬಾಟ್ಲಿ ಇದ್ದೇ ಇರುತ್ತೆ. ಈ ಸಲ ಖಜಾಂಚಿ ಅಣ್ಣನ ಕಣ್ಣಿಗೆ ಎರಡು ಹನಿ ಬಿಡಲಿ. ಕಿಟಕಿನೂ ಇದೆ, ಬೆಳಕೂ ಚೆನ್ನಾಗಿದೆ. ನಿಮ್ಮ ಮನೆ ಮುಂದಿನ ಸರ್ಕಲ್‌ಗೇ ಮೊದಲನೇ ಫಲಕ ಹಾಕ್ಸೋಣ. ಅತ್ತಿಗೆ ದಿನಾ ಬಾಗಿಲು ತೆಗೆದು ನೋಡ್ಲಿ."

ಡಾಕ್ಟರು ಗಟ್ಟಿಯಾಗಿ ನಕ್ಕರು. ಖಜಾಂಚಿಯ ಕೈ ಅವರಿಗೇ ತಿಳಿಯದಂತೆ ಕನ್ನಡಕಕ್ಕೆ ಹೋಗಿ ಅದನ್ನು ಒತ್ತಿ ಹಿಡಿಯಿತು.

"ಸಾಕು," ಎಂದರು ಟೀಚರಮ್ಮ. ಎಲ್ಲರ ಬೆನ್ನೂ ತರಗತಿಯಲ್ಲಿದ್ದಂತೆ ನೆಟ್ಟಗಾಯಿತು. "ಮತಕ್ಕೆ ಹಾಕೋಣ. ಕೈ ಎತ್ತಿ."

ಹೇಗೆ ಎತ್ತಬೇಕೆಂದು ಅಲ್ಲಿ ಯಾರಿಗೂ ರೂಢಿಯಿರಲಿಲ್ಲ. ಖಜಾಂಚಿ ಪರವಾಗಿ ಎತ್ತಿದರು. ಕಾರ್ಯದರ್ಶಿಗಳು ತಮ್ಮ ನಡಾವಳಿಯ ಪರವಾಗಿ ಎತ್ತಿದರು. ವಿರೋಧಕ್ಕೆ ಹೊಲಿಗೆಯಕ್ಕ ಎತ್ತಿದಳು, ಜೊತೆಗೆ ಡಾಕ್ಟರೂ. "ಪೇಶೆಂಟನ್ನ ಕೇಳ್ದೆ ಕಣ್ಣು ಕೊಡೋಕಾಗಲ್ಲ ಸ್ವಾಮಿ," ಎಂದರು. ಎರಡಕ್ಕೆರಡು. ಸಂಸ್ಥೆಯ ನಿಯಮದಂತೆ, ಸರಿಸಮವಾದಾಗ ಅಧ್ಯಕ್ಷರ ಮತವೇ ನಿರ್ಣಾಯಕ. ಸಂಸ್ಥೆ ಹುಟ್ಟಿದಾಗಿನಿಂದ ಆ ಮತ ಕಪಾಟಿನಲ್ಲಿಟ್ಟ ಹೊಸ ಪಾತ್ರೆಯಂತೆ ಹಾಗೇ ಕೂತಿತ್ತು.

ಟೀಚರಮ್ಮ ಹೊಲಿಗೆಯಕ್ಕನನ್ನೇ ನೋಡಿದರು. ಖಜಾಂಚಿಗೆ ಎದುರಾಡುವುದು ಬೇರೆ. ಬಾಗಿಲು ತೆರೆದು, ಏನೂ ಕೇಳದೆ, ಮೊದಲು ಮಗುವಿಗೆ ಹಾಲು ಕೊಟ್ಟ ಕೈಗೆ ಎದುರು ಕೂರುವುದು ಬೇರೆ.

"ನಿಜ ಹೇಳು," ಎಂದರು. "ನೀನು ಅಳ್ಲೇ ಇಲ್ವಾ? ನಾನು ನೋಡಿದ್ದೆಲ್ಲ ಸುಳ್ಳಾ?"

"ಅತ್ತಿದ್ದೆ ಟೀಚರಮ್ಮ. ಬೆಂಚಿನ ಮೇಲಲ್ಲ. ಬಂದ ದಿನ ಸಂಜೆ, ಬಟ್ಟೆ ಒಣಗಿಸೋ ತಾರಸಿ ಮೇಲೆ. ನೀವು ಮೆಟ್ಟಿಲು ಹತ್ತಿ ಬಂದ್ರಿ. ಒದ್ದೆ ಚಾದರ ನನ್ನ ಮುಂದೆ ಎಳೆದು, ಕೆಳಗಿನೋರಿಗೆ ಕಾಣದ ಹಾಗೆ ನಿಂತ್ರಿ. ಒಂದು ಮಾತೂ ಆಡ್ಲಿಲ್ಲ. ಆ ಅಳು ನಂದು, ಅಷ್ಟೇ ನಿಮ್ಮದೂ. ಅದರ ಫೋಟೋ ಯಾರ ಹತ್ರಾನೂ ಇಲ್ಲ." ಹುಡುಗಿಯ ಕೈಯಲ್ಲಿದ್ದ ಸುರುಳಿ ತೋರಿಸಿದಳು. "ಅವತ್ತು ಚಾದರ ಅಡ್ಡ ಹಿಡಿದೋರು, ಇವತ್ತು ಸರ್ಕಲ್ಲಿಗೆ ಯಾಕೆ ಹಿಡಿದುಕೊಡ್ತೀರಿ?"

ಟೀಚರಮ್ಮ ಮೇಜಿನ ಮೇಲಿದ್ದ ತಮ್ಮ ಪ್ರತಿಯನ್ನು ಕೈಗೆತ್ತಿಕೊಂಡು, ನಾಲ್ಕನೆಯ ವಿಷಯವನ್ನು, ಬಹುಶಃ ಮೊದಲ ಸಲ, ನಿಧಾನವಾಗಿ ಓದಿದರು. ಓದಿ ಮುಗಿಸಿ ಕಾರ್ಯದರ್ಶಿಗಳ ಕಡೆ ತಿರುಗಿದರು.

"ಈ ಆನಂದಬಾಷ್ಪ ಯಾರು ಬರೆದದ್ದು?"

"ಸ್ವಲ್ಪ... ಸಂದರ್ಭಕ್ಕೆ ಇರಲಿ ಅಂತ ಮೇಡಂ."

"ಹ್ಞೂಂ. ನನ್ನ ಮತ ವಿರೋಧಕ್ಕೆ. ಪ್ರಸ್ತಾಪ ಬಿದ್ದುಹೋಯ್ತು. ಬಸ್ಸು, ಡಬ್ಬಿ ಎಲ್ಲಾದ್ರಿಂದಲೂ ತೆಗೆಸಿ. ಇನ್ನು ಮೇಲೆ ಯಾರ ಮುಖ ಹಾಕೋದಿದ್ರೂ ಆ ಮುಖದೋರನ್ನ ಕೇಳಿ ಹಾಕೋದು. ಮುಂಗಡದ ವಿಚಾರ ನಾನೇ ಮುದ್ರಣದವನ ಹತ್ರ ಮಾತಾಡ್ತೀನಿ, ನನ್ನ ಹಳೇ ವಿದ್ಯಾರ್ಥಿ, ಕಿವಿ ಹಿಂಡಿಸಿಕೊಂಡು ಬೆಳೆದವನು." ಪ್ರಚಾರದ ಹುಡುಗಿಯ ಕಡೆ ನೋಡಿ ದನಿ ತಗ್ಗಿಸಿದರು. "ನೀನೂ ಅಳೋ ಮುಖ ಮಾಡ್ಕೋಬೇಡ. ಜನ ನಿಂತ್ಕೊಳ್ಳೋ ಹಾಗೆ ಬೇರೆ ಏನಾದ್ರೂ ಯೋಚಿಸು."

"ಅಂಗಡಿಗೆ ಬಾ," ಎಂದಳು ಹೊಲಿಗೆಯಕ್ಕ ಹುಡುಗಿಗೆ. "ಗಿರಾಕಿ ಜೊತೆ ಜಗಳ ಆಡ್ತಿರ್ತೀನಿ. ಅದನ್ನ ತೆಗಿ. ಅದಕ್ಕೂ ನಿಂತ್ಕೋತಾರೆ, ನೋಡು."

ಕಾರ್ಯದರ್ಶಿಗಳ ಪಾಡು ನಾಯಿಪಾಡಾಗಿತ್ತು. ಪಿನ್ನು ಹೊಡೆದ ಐದು ಪ್ರತಿಗಳಲ್ಲೂ 'ಸರ್ವಾನುಮತ' ಕೂತುಬಿಟ್ಟಿತ್ತು. 'ಬಿದ್ದುಹೋಯಿತು' ಎಂಬುದಕ್ಕೆ ಗೌರವದ ಶಬ್ದ ಹುಡುಕಿ, ಸಿಗದೆ, ಪೆನ್ನು ಹಿಡಿದು ಸಾಲಿನ ಮೇಲೆ ಗೀಟೆಳೆದರು.

"ಏನಂತ ಬರೀಲಿ ಮೇಡಂ?"

ಉತ್ತರ ಕೊಟ್ಟವಳು ಹೊಲಿಗೆಯಕ್ಕ. "'ಸದಸ್ಯೆಯವರು ಒಣಗಣ್ಣಿನಿಂದ ವಿರೋಧಿಸಿದರು' ಅಂತ ಬರೀರಿ."

"ಒಣಗಣ್ಣು ಅಂತೆಲ್ಲ ನಡಾವಳಿಯಲ್ಲಿ..."

"ಒದ್ದೆಗಣ್ಣು ಬರುತ್ತೆ ಅಂದ್ರೆ ಒಣಗಣ್ಣು ಯಾಕೆ ಬರಲ್ಲ? ಅದಿಲ್ದೆ ನಾನು ಸಹಿ ಹಾಕಲ್ಲ."

"ಬರೀರಿ," ಎಂದರು ಟೀಚರಮ್ಮ.

ಬರೆದರು. ಸಂಸ್ಥೆಯ ಚರಿತ್ರೆಯಲ್ಲಿ ಸಭೆ ನಡೆದ ಮೇಲೆ ಬರೆದ ಮೊದಲ ವಾಕ್ಯ ಅದು. ಹೊಲಿಗೆಯಕ್ಕ ಕಾಗದ ಎಳೆದುಕೊಂಡು, ಒಂದೊಂದೇ ಅಕ್ಷರ ಓದಿ, ಕೆಳಗೆ ಸಹಿ ಹಾಕಿದಳು. ಮಗಳಿಗೆ ಸಂಜೆ ಏನು ಹೇಳುವುದೆಂದು ಯೋಚಿಸಿದಳು. 'ಬಸ್ಸಿಂದ ಇಳಿದುಬಿಟ್ಟೆ ಕಣೇ.' ಅಷ್ಟು ಸಾಕು. ಆ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದಳು. ಅಷ್ಟಕ್ಕೇ, ಹೇಳದೆ ಕೇಳದೆ, ಎರಡು ಕಣ್ಣೂ ತುಂಬಿಬಂದವು.

ಎದುರು ಕುರ್ಚಿಯಲ್ಲಿ ಏನೋ ಅಲುಗಿತು. ಕಾರ್ಯದರ್ಶಿಗಳು ಬೆನ್ನು ನೆಟ್ಟಗೆ ಮಾಡಿ, ಅವಳ ಮುಖವನ್ನೇ ನೋಡುತ್ತ, ಹೊಸ ಆಸೆಯಿಂದ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

"ಕಾರ್ಯದರ್ಶಿಗಳೇ," ಎಂದಳು ಹೊಲಿಗೆಯಕ್ಕ, ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗದೆ. "ಪೆನ್ನು ಕೆಳಗಿಡಿ."